ಹೊಸ ಬಲೆ ಹಾಕಿದರೂ ಕೋಳಿ ಹೋಗ್ತಿದೆಯಾ? ಹಿತ್ತಲ ಕೋಳಿ ಕಾಯುವ ಕೆಲಸ, ಹಂತ ಹಂತವಾಗಿ

"ಬಲೆ ಹೊಸದು, ಬೀಗ ಹೊಸದು, ಆದರೂ ನಿನ್ನೆ ರಾತ್ರಿ ಎರಡು ಹೋಯ್ತು." ಪರಿಚಯದವರಿಂದ ಈ ಮಾತು ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ. ಹೋಗಿ ನೋಡಿದರೆ ಕಥೆ ಒಂದೇ. ಕೋಳಿ ಸತ್ತ ಬೆಳಗ್ಗೆಯೇ ಅಂಗಡಿಗೆ ಓಡಿ ಬಲೆ ತಂದು ಸುತ್ತಲೂ ಹೊಡೆದಿರುತ್ತಾರೆ. ಬಂದಿದ್ದು ಯಾರು, ಯಾವ ಹೊತ್ತಲ್ಲಿ, ಎಲ್ಲಿಂದ ನುಗ್ಗಿತು ಅಂತ ಮಾತ್ರ ಯಾರೂ ನೋಡಿರುವುದಿಲ್ಲ. ಹಗಲು ಬರುವ ಮುಂಗುಸಿಗೆ ರಾತ್ರಿ ಬೀಗ ಹಾಕಿ ಏನು ಉಪಯೋಗ? ಹೆಂಚು ಸರಿಸಿ ಇಳಿಯುವ ಕಬ್ಬೆಕ್ಕಿಗೆ (ಮರ ಹತ್ತುವ, ಬೆಕ್ಕಿನಂತೆ ಕಾಣುವ ಕಾಡುಪ್ರಾಣಿ) ಗೋಡೆ ಬಲೆ ಯಾವ ಲೆಕ್ಕ?

ಹಾಗಾಗಿ ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಮನೆ ಹಿತ್ತಲಲ್ಲಿ 10-20 ನಾಟಿ ಕೋಳಿ ಅಥವಾ ಗಿರಿರಾಜ ಸಾಕಿರುವವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ. ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಅಂಚಿನ ಮನೆ. ಬಯಲುಸೀಮೆಯವರಿಗೆ ಕಬ್ಬೆಕ್ಕಿಗಿಂತ ಬೀದಿನಾಯಿ ಕಾಟ ಜಾಸ್ತಿ ಇರಬಹುದು. ಕ್ರಮ ಬದಲಾಗುವುದಿಲ್ಲ.

ಹಂತ 1: ಇವತ್ತು ರಾತ್ರಿ ಉಳಿದ ಕೋಳಿಗಳನ್ನು ಮನೆಯೊಳಗೆ ತನ್ನಿ

ಒಮ್ಮೆ ಕೋಳಿ ಸಿಕ್ಕಿದ ಜಾಗಕ್ಕೆ ಆ ಪ್ರಾಣಿ ಮತ್ತೆ ಬರುತ್ತದೆ. ಎಷ್ಟೋ ಸಲ ಮರುದಿನವೇ, ಅದೇ ಹೊತ್ತಿಗೆ. ಗೂಡು ರಿಪೇರಿಗೆ ಹೇಗೂ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಕೋಳಿಗಳು ಬಚ್ಚಲಲ್ಲೋ, ಸಾಮಾನು ಕೋಣೆಯಲ್ಲೋ, ತೂತು ಮಾಡಿದ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲೋ ಮಲಗಲಿ. ಮಂಕರಿ ಕವುಚಿ ಮೇಲೆ ಕಲ್ಲಿಡುವುದಾದರೆ ಅದೂ ಮನೆಯೊಳಗೇ ಆಗಲಿ. ಅಂಗಳದಲ್ಲಿ ಮಂಕರಿ ಉರುಳಿಸುವುದು ನಾಯಿಗೆ ಒಂದು ನಿಮಿಷದ ಕೆಲಸ. ಸೌದೆ ಕೊಟ್ಟಿಗೆಯಲ್ಲಿ ಮಾತ್ರ ಬಿಡಬೇಡಿ. ಸೌದೆ ರಾಶಿಯ ಸಂದಿನಲ್ಲಿ ಇಲಿ ಇರುತ್ತದೆ, ಇಲಿ ಇರುವಲ್ಲಿ ಹಾವು ಇರುತ್ತದೆ.

ಸತ್ತ ಕೋಳಿಯನ್ನು ಆಗಲೇ ಎಸೆಯಬೇಡಿ. ಮುಂದಿನ ಹಂತಕ್ಕೆ ಅದೇ ಸಾಕ್ಷಿ. ಬರಿಗೈಯಲ್ಲಿ ಮುಟ್ಟಬೇಡಿ, ಕೈಗೆ ಪ್ಲಾಸ್ಟಿಕ್ ಚೀಲವಾದರೂ ಹಾಕಿಕೊಳ್ಳಿ. ನಾಯಿ, ಮುಂಗುಸಿಗಳಿಗೆ ರೇಬೀಸ್ ಇರುವ ಸಾಧ್ಯತೆ ಇದ್ದೇ ಇದೆ. ನೋಡಿ ಆದ ಮೇಲೆ ಎರಡು ಮೂರು ಅಡಿ ಆಳದಲ್ಲಿ ಹೂಳಿ, ಮೇಲೆ ಕಲ್ಲು ಹೇರಿ. ಬೇಲಿಯಾಚೆ ಎಸೆಯುವುದು ಎಂದರೆ ಬಂದವನಿಗೆ ನಾಳೆಗೂ ಎಲೆ ಹಾಕಿದ ಹಾಗೆ.

ಹಂತ 2: ಬಂದಿದ್ದು ಯಾರು ಅಂತ ಗುರುತಿಸಿ

ಮೂರು ಪ್ರಶ್ನೆ ಕೇಳಿಕೊಳ್ಳಿ. ಹಗಲೋ ರಾತ್ರಿಯೋ? ಎಷ್ಟು ಹೋಯ್ತು? ಏನು ಉಳಿದಿದೆ? ಮುಕ್ಕಾಲು ಉತ್ತರ ಇಲ್ಲೇ ಸಿಗುತ್ತದೆ.

ಹಲವು ಕೋಳಿ ಸತ್ತು ಹಿತ್ತಲ ತುಂಬ ಗರಿ ಚೆಲ್ಲಿದ್ದು, ತಿಂದಿದ್ದು ಮಾತ್ರ ಕಮ್ಮಿ ಇದ್ದರೆ ಅದು ನಾಯಿ. ಅದಕ್ಕೆ ಅಟ್ಟಿಸಿಕೊಂಡು ಹೋಗುವುದೇ ಖುಷಿ. ಬೀದಿನಾಯಿ ಎಂದುಕೊಂಡಿದ್ದು ಪಕ್ಕದ ಮನೆಯದ್ದೂ ಆಗಿರಬಹುದು. ಎಷ್ಟೋ ಕಡೆ ಅದು ಸ್ವಂತ ಮನೆಯದ್ದೇ ಆಗಿರುತ್ತದೆ. ಈ ಮಾತು ಹೇಳಿದರೆ ಯಾರಿಗೂ ಇಷ್ಟ ಆಗುವುದಿಲ್ಲ.

ಒಂದೇ ಕೋಳಿ ಸದ್ದಿಲ್ಲದೆ ಮಾಯವಾಗಿ, ಬೇಲಿ ಕಡೆ ಸ್ವಲ್ಪ ಗರಿ ಬಿದ್ದಿದ್ದರೆ ಕಾಡುಬೆಕ್ಕು ಅಥವಾ ನರಿ. ಮುಸ್ಸಂಜೆ, ನಸುಕು ಇವುಗಳ ಹೊತ್ತು. ಕೋಳಿ ಗೂಡಲ್ಲೇ ಸತ್ತು ಬಿದ್ದು ಕುತ್ತಿಗೆ, ತಲೆ ಕಡೆ ಗಾಯವಿದ್ದರೆ ಎರಡು ಸಾಧ್ಯತೆ. ರಾತ್ರಿಯಾದರೆ ಕಬ್ಬೆಕ್ಕು ಅಥವಾ ಪುನುಗು, ಹಗಲಾದರೆ ಮುಂಗುಸಿ. ಮುಂಗುಸಿ ಹಗಲು ಬೇಟೆಯಾಡುವ ಪ್ರಾಣಿ, ಕತ್ತಲಾದರೆ ಬಿಲ ಸೇರುತ್ತದೆ. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ತಪ್ಪು ಊಹೆ ತಪ್ಪುತ್ತದೆ.

ಕೋಳಿ ಒಳಗೇ ಇದೆ, ಆದರೆ ತಲೆಯಿಲ್ಲ ಅಥವಾ ಕಾಲಿಲ್ಲ ಅಂತಾದರೆ ಯಾರೂ ಒಳಗೆ ಬಂದೇ ಇಲ್ಲದಿರಬಹುದು. ಬಲೆಯ ಕಣ್ಣಿನೊಳಗೆ ಪಂಜ ಹಾಕಿ ಎಳೆದಿದೆ ಅಷ್ಟೆ. ಕೋಳಿ ಸತ್ತಿದೆ, ತಲೆ ಮತ್ತು ಕತ್ತಿನ ಗರಿ ಎಂಜಲು ಮೆತ್ತಿದ ಹಾಗೆ ಒದ್ದೆಯಾಗಿದೆ ಎಂದರೆ ಹೆಬ್ಬಾವು ನುಂಗಲು ನೋಡಿ ಆಗದೆ ಬಿಟ್ಟಿದೆ. ಮೊಟ್ಟೆ ಚಿಪ್ಪು ಸಮೇತ ಮಾಯವಾಗಿದ್ದರೆ ಹಾವು ಅಥವಾ ಉಡ. ಸಣ್ಣ ಮರಿ ರಾತ್ರಿ ಒಂದೊಂದೇ ಕಡಿಮೆಯಾಗಿ, ಗೋಡೆ ಬುಡದಲ್ಲಿ ಹೊಸ ಮಣ್ಣಿನ ಗುಡ್ಡೆ ಕಂಡರೆ ಹೆಗ್ಗಣ. ಹಗಲಲ್ಲಿ ಮರಿ ಹೋದರೆ ಕಾಗೆ, ಹದ್ದು, ಇಲ್ಲವೇ ಬಿಜ್ಜು ಅನ್ನುವ ಸಣ್ಣ ಬೇಟೆ ಹಕ್ಕಿ.

ಇನ್ನೊಂದು ಮರೆಯಬೇಡಿ. ಮೈಮೇಲೆ ಒಂದೂ ಗಾಯವಿಲ್ಲದೆ ಕೋಳಿ ಸತ್ತಿದ್ದರೆ ಕಳ್ಳನನ್ನು ಹುಡುಕಬೇಡಿ. ಗಾಬರಿಯಲ್ಲಿ ಎಲ್ಲವೂ ಒಂದೇ ಮೂಲೆಗೆ ಒತ್ತಿ ಅಡಿಯದ್ದು ಉಸಿರುಕಟ್ಟಿರಬಹುದು, ಇಲ್ಲವೇ ರೋಗ. ಹಸಿರು ಭೇದಿ, ಕತ್ತು ತಿರುಚುವುದು, ರೆಕ್ಕೆ ಜೋಲುವುದು ಕಂಡಿದ್ದರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಅದಕ್ಕೆ ಪಶು ಆಸ್ಪತ್ರೆಗೆ ಹೋಗಬೇಕು, ಬಲೆ ಅಂಗಡಿಗೆ ಅಲ್ಲ.

ಇಷ್ಟರಲ್ಲೂ ಗೊತ್ತಾಗಲಿಲ್ಲವೇ? ಒಲೆ ಬೂದಿ ಜರಡಿ ಹಿಡಿದು, ಗೂಡಿನ ಸುತ್ತ ಮೂರು ಅಡಿ ಅಗಲಕ್ಕೆ ತೆಳ್ಳಗೆ ಹರಡಿ. ಬೂದಿ ಇಲ್ಲದವರು ನುಣ್ಣನೆ ಮಣ್ಣು ಹರಡಬಹುದು. ಕೋಳಿ ಮನೆಯೊಳಗಿದ್ದರೂ ಬರುವವನು ಬಂದು ಒಂದು ಸುತ್ತು ಹಾಕಿ ಹೋಗುತ್ತಾನೆ. ಬೆಳಗ್ಗೆ ಬೇಗ, ಇಬ್ಬನಿ ಆರುವ ಮೊದಲು ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದು ನೋಡಿ. ನಾಲ್ಕು ಬೆರಳು, ಉಗುರಿನ ಗುರುತು ಇದ್ದರೆ ನಾಯಿ ಅಥವಾ ನರಿ. ನಾಲ್ಕು ಬೆರಳು, ದುಂಡಗೆ, ಉಗುರು ಮೂಡಿಲ್ಲದಿದ್ದರೆ ಬೆಕ್ಕಿನ ಜಾತಿ. ಐದು ಬೆರಳು ಕಂಡರೆ ಕಬ್ಬೆಕ್ಕು ಅಥವಾ ಮುಂಗುಸಿ. ಹಗ್ಗ ಎಳೆದ ಹಾಗಿದ್ದರೆ ಹಾವು. ಉಡ ಬಂದಿದ್ದರೆ ನಡುವೆ ಬಾಲದ ಗೆರೆ, ಎರಡೂ ಬದಿಗೆ ಉಗುರಿನ ಹೆಜ್ಜೆ.

ಕಬ್ಬೆಕ್ಕಿಗೆ ಇನ್ನೊಂದು ಗುರುತು ಇದೆ. ಕಾಂಪೌಂಡಿನ ಮೇಲೋ ಬಂಡೆಯ ಮೇಲೋ ಹಿಕ್ಕೆ ಬಿಟ್ಟಿರುತ್ತದೆ, ಅದರಲ್ಲಿ ಕಾಫಿ ಬೀಜವೋ ಬಗನಿ ಬೀಜವೋ ಇಡಿ ಇಡಿಯಾಗಿ ಕಾಣುತ್ತದೆ.

ಹಂತ 3: ಸಾಮಾನು ತನ್ನಿ, ಆದರೆ ಸರಿಯಾದದ್ದು

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ "ಕೋಳಿ ಗೂಡಿಗೆ ಬಲೆ ಕೊಡಿ" ಅಂದರೆ ಆರು ಮೂಲೆ ಕಣ್ಣಿನ ತೆಳು ತಂತಿಯ ಚಿಕನ್ ಮೆಶ್ ಕೊಡುತ್ತಾರೆ. ಗಾರೆ ಕೆಲಸದವರು ಗೋಡೆಗೂ ಪಿಲ್ಲರಿಗೂ ನಡುವೆ ಬಿರುಕು ಬಾರದಿರಲಿ ಅಂತ ಪ್ಲಾಸ್ಟರ್ ಒಳಗೆ ಹಾಕುವುದೂ ಇದನ್ನೇ. ಇದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ. ನಾಯಿ ಒಳಗೆ ಬರದಂತೆ ತಡೆಯುವುದಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದರೆ ಸ್ವೆಟರ್ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತದೆ.

ನಿಮಗೆ ಬೇಕಿರುವುದು ಅರ್ಧ ಇಂಚು ಚೌಕ ಕಣ್ಣಿನ ಜಿಐ ವೆಲ್ಡ್ ಮೆಶ್, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ ಬೆಸೆದು ಮಾಡಿದ ಬಲೆ. ಗೇಜ್ ವಿಷಯದಲ್ಲಿ ಮೋಸ ಹೋಗಬೇಡಿ. ಗೇಜ್ ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳು. 16 ಗೇಜ್ ಅಂದರೆ ಸುಮಾರು 1.6 ಮಿಲಿಮೀಟರ್ ದಪ್ಪ, 20 ಗೇಜ್ ಅಂದರೆ 0.9 ಮಾತ್ರ. 18ಕ್ಕಿಂತ ತೆಳುವಾದದ್ದು ಬೇಡ. ನಾಯಿ ಕಾಟ ಇದ್ದರೆ 16 ಇರಲಿ. ಮರಿ ಪೆಟ್ಟಿಗೆಗೆ ಕಾಲು ಇಂಚು, ಅಂದರೆ 6 ಮಿಲಿಮೀಟರ್ ಕಣ್ಣಿನದ್ದು ಬೇರೆ ತನ್ನಿ.

ಉಳಿದಂತೆ ಬೇಕಾದ್ದು: ತಂತಿ ಕತ್ತರಿಸುವ ಕಟ್ಟರ್, ಡ್ರಿಲ್, ಒಂದೂವರೆ ಇಂಚಿನ ಸ್ಕ್ರೂ ಮತ್ತು ಅಗಲ ವಾಷರ್, ಕಟ್ಟುವ ತಂತಿ, ಟೇಪು, ದಪ್ಪ ಕೈಗವಸು, ಎರಡು ಟವರ್ ಬೋಲ್ಟ್, ಸ್ವಲ್ಪ ಜಿಂಕ್ ಶೀಟ್ ತುಂಡು, ಒಂದು ಚೀಲ ಸಿಮೆಂಟ್. ಕೈಗವಸು ಬೇಡ ಅಂದುಕೊಳ್ಳಬೇಡಿ, ಕತ್ತರಿಸಿದ ಮೆಶ್ ಅಂಚು ಬ್ಲೇಡಿನ ಹಾಗಿರುತ್ತದೆ.

ಹಂತ 4: ಬೆಳಕು ಬಿಟ್ಟು ತೂತು ಹುಡುಕಿ

ಕಣ್ಣಳತೆಯಲ್ಲಿ ನೋಡಿದರೆ ಎಲ್ಲ ಗೂಡೂ ಗಟ್ಟಿಯಾಗೇ ಕಾಣುತ್ತದೆ. ಕತ್ತಲಾದ ಮೇಲೆ ಖಾಲಿ ಗೂಡೊಳಗೆ ಜೋರು ಬೆಳಕಿನ ಬಲ್ಬೋ ಎಮರ್ಜೆನ್ಸಿ ಲೈಟೋ ಇಟ್ಟು ಬಾಗಿಲು ಹಾಕಿ. ಹೊರಗಿನ ದೀಪ ಎಲ್ಲ ಆರಿಸಿ ಸುತ್ತ ನಡೆಯಿರಿ. ಬೆಳಕು ಸೋರುವ ಪ್ರತಿ ಜಾಗಕ್ಕೂ ಸೀಮೆಸುಣ್ಣದ ಗುರುತು ಹಾಕಿ. ಬಗ್ಗಿ ಬುಡ ನೋಡಿ, ಕುರ್ಚಿ ಹತ್ತಿ ಮಾಡಿನ ಅಂಚು ನೋಡಿ.

ನಿಮ್ಮ ಕಿರುಬೆರಳು ಸಲೀಸಾಗಿ ತೂರುವ ಸಂದು ಕಂಡರೆ ಅದು ಮುಚ್ಚಬೇಕಾದ ಸಂದು. ಹೆಗ್ಗಣಕ್ಕೆ ಅದು ಆರಂಭ ಸಾಕು, ಉಳಿದದ್ದು ಕಡಿದುಕೊಳ್ಳುತ್ತದೆ. ಮೊದಲ ಸಲ ನಾನು ಹೀಗೆ ನೋಡಿದಾಗ ನಮ್ಮ "ಭದ್ರ" ಗೂಡಲ್ಲಿ 14 ಕಡೆ ಗುರುತು ಬಿದ್ದಿತ್ತು.

ಹಂತ 5: ನೆಲದಿಂದ ಶುರು ಮಾಡಿ

ಗೋಡೆಗೆ ಮೊದಲು ಬಲೆ ಹೊಡೆದು ಆಮೇಲೆ ನೆಲ ನೋಡುವವರೇ ಜಾಸ್ತಿ. ಉಲ್ಟಾ ಮಾಡಿ. ನೆಲದ ಬಲೆಯ ಮೇಲೆ ಗೋಡೆಯ ಬಲೆ ಬಂದು ಕೂರಬೇಕು, ಆಗಲೇ ನಡುವೆ ಸಂದು ಉಳಿಯುವುದಿಲ್ಲ.

ಸಾಧ್ಯವಿದ್ದರೆ ಒಳಗೆ ಎರಡು ಮೂರು ಇಂಚು ಜಲ್ಲಿ ಸಿಮೆಂಟ್ ನೆಲ ಹಾಕಿಸಿ, ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು ಇರಲಿ. ಮಣ್ಣಿನ ನೆಲವೇ ಇರಲಿ ಅನ್ನುವವರು ಹೊರಗೆ ಸೆರಗು ಹಾಸಬೇಕು. ಎರಡು ಅಡಿ ಅಗಲದ ಮೆಶ್ ಪಟ್ಟಿಯನ್ನು ಮಡಚಿ, ಅರ್ಧ ಅಡಿ ಗೋಡೆಗೆ ಏರಿಸಿ, ಉಳಿದ ಒಂದೂವರೆ ಅಡಿಯನ್ನು ಹೊರಗಡೆ ನೆಲದ ಮೇಲೆ ಹಾಸಿ. ಕಬ್ಬಿಣದ ಗೂಟ ಹೊಡೆದು, ಮೇಲೆ ಮಣ್ಣು ಅಥವಾ ಚಪ್ಪಡಿ ಹಾಕಿ. ಹುಲ್ಲು ಬೆಳೆದು ಮುಚ್ಚಿಕೊಳ್ಳುತ್ತದೆ.

ಇದು ಕೆಲಸ ಮಾಡುವ ಬಗೆ ತಮಾಷೆಯಾಗಿದೆ. ನಾಯಿ, ನರಿ ಯಾವಾಗಲೂ ಗೋಡೆ ಬುಡದಲ್ಲೇ ಕೆರೆಯುತ್ತವೆ. ಅಲ್ಲಿ ಮೆಶ್ ಸಿಗುತ್ತದೆ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ತೋಡಬೇಕು ಅಂತ ಅವಕ್ಕೆ ಹೊಳೆಯುವುದಿಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ. 6x4 ಅಡಿ ಗೂಡಿನ ಸುತ್ತಳತೆ 20 ಅಡಿ. ನಾಲ್ಕು ಮೂಲೆ ತುಂಬಲು ಇನ್ನು 6 ಅಡಿ. ಒಟ್ಟು 26 ಅಡಿ ಪಟ್ಟಿ. 4 ಅಡಿ ಅಗಲದ ರೋಲ್ ತಂದು ಉದ್ದಕ್ಕೆ ಎರಡಾಗಿ ಸೀಳಿದರೆ 13 ಅಡಿ ಬೇಕು, ಜೋಡಣೆಗೆ ಒಂದು ಅಡಿ ಸೇರಿಸಿ 14 ತನ್ನಿ. ಮೂಲೆ ತುಂಬದೆ ಬಿಡುವುದು ದೊಡ್ಡ ತಪ್ಪು. ಅಗೆಯುವ ಪ್ರಾಣಿಗೆ ಮೂಲೆ ಅಂದರೆ ಇಷ್ಟ.

ಹಂತ 6: ಗೋಡೆ ಮತ್ತು ಗಾಳಿ ಕಿಂಡಿ

ಮೆಶ್ ಅನ್ನು ಚೌಕಟ್ಟಿನ ಹೊರಮೈಗೆ ಹೊಡೆಯಿರಿ. ಒಳಗಡೆಯಿಂದ ಹೊಡೆದರೆ ಹೊರಗಿನಿಂದ ತಳ್ಳಿದಾಗ ಮೊಳೆ ಕಿತ್ತು ಬರುತ್ತದೆ. ಮೊಳೆ ಬಗ್ಗಿಸಿ ಹಿಡಿಸುವುದೂ ಬೇಡ. ಆರು ಇಂಚಿಗೊಂದು ಸ್ಕ್ರೂ, ಸ್ಕ್ರೂ ಅಡಿ ವಾಷರ್. ಎರಡು ಮೆಶ್ ಸೇರುವಲ್ಲಿ ಮೂರು ಇಂಚು ಒಂದರ ಮೇಲೊಂದು ಬರಲಿ, ತಂತಿಯಲ್ಲಿ ಹೊಲಿಯಿರಿ.

ಕೆಳಗಿನ ಎರಡು ಅಡಿಗೆ ಹಲಗೆಯೋ ಜಿಂಕ್ ಶೀಟೋ ಇದ್ದರೆ ಒಳ್ಳೆಯದು. ಹೊರಗಿನಿಂದ ಕೋಳಿ ಕಾಣದಿದ್ದರೆ ನಾಯಿಗೆ ಅರ್ಧ ಆಸಕ್ತಿ ಹೋಗುತ್ತದೆ. ಹಾಗಂತ ಪೂರ್ತಿ ಮುಚ್ಚಿ ಡಬ್ಬಿ ಮಾಡಬೇಡಿ. ಹಿಕ್ಕೆಯ ಘಾಟು ಒಳಗೇ ನಿಂತರೆ ಕೋಳಿಗೆ ಉಸಿರಿನ ತೊಂದರೆ ಬರುತ್ತದೆ. ಮಾಡಿನ ಕೆಳಗೆ ಎದುರುಬದುರು ಎರಡು ಕಿಂಡಿ, ಎರಡಕ್ಕೂ ಮೆಶ್.

ಕೋಳಿ ಕೂರುವ ಗಳವನ್ನು ಮೆಶ್‌ನಿಂದ ಕನಿಷ್ಠ ಒಂದು ಅಡಿ ಒಳಗೆ ಕಟ್ಟಿ. ರಾತ್ರಿ ಕೋಳಿಗೆ ಕಣ್ಣು ಮಂಜು, ಕೂತಲ್ಲೇ ಕೂತಿರುತ್ತದೆ. ಮೆಶ್‌ಗೆ ಒರಗಿ ಕೂತ ಕೋಳಿಯನ್ನು ಎಳೆಯುವುದು ಬಹಳ ಸುಲಭ. ನಾಟಿ ಕೋಳಿಗೆ ಮೂರು ಅಡಿ ಎತ್ತರದ ಗಳ ಸರಿ. ಗಿರಿರಾಜ ಭಾರದ ಕೋಳಿ, ಒಂದೂವರೆ ಎರಡು ಅಡಿ ಸಾಕು. ಹಾರಿ ಮರ ಹತ್ತಿ ತಪ್ಪಿಸಿಕೊಳ್ಳುವುದು ಅದಕ್ಕೆ ಕಷ್ಟ, ಹಾಗಾಗಿ ಅದರ ಗೂಡು ನಾಟಿ ಕೋಳಿ ಗೂಡಿಗಿಂತ ಭದ್ರವಾಗಿರಬೇಕು.

ಹಂತ 7: ಮಾಡು

ಎರಡು ವರ್ಷದ ಹಿಂದೆ ನಮ್ಮಲ್ಲಿ ಮೂರು ರಾತ್ರಿಯಲ್ಲಿ ಐದು ಹೇಂಟೆ ಹೋದವು. ನಾನು ಬಾಗಿಲು ಬದಲಿಸಿದೆ, ಬೀಗ ಬದಲಿಸಿದೆ. ನಾಲ್ಕನೇ ದಿನ ಚಿಕ್ಕಮ್ಮ ಬಂದರು, ಗೂಡಿನ ಹಿಂದೆ ನಿಂತು ತಲೆ ಎತ್ತಿ ನೋಡಿದರು. "ಬಾಗಿಲು ಎಂತ ನೋಡ್ತೀಯ ಮಾರಾಯ, ಹೆಂಚು ನೋಡು." ಒಂದು ಹೆಂಚು ನಾಲ್ಕು ಬೆರಳಷ್ಟು ಪಕ್ಕಕ್ಕೆ ಸರಿದಿತ್ತು. ರೀಪಿನ ಸಿಬುರಿಗೆ ಬೂದು ಕೂದಲು ಸಿಕ್ಕಿಕೊಂಡಿತ್ತು. ಕೆಳಗೆ ಕಾಂಪೌಂಡಿನ ಮೇಲೆ ಕಾಫಿ ಬೀಜದ ಹಿಕ್ಕೆ. ಕಬ್ಬೆಕ್ಕು ಪೇರಳೆ ಕೊಂಬೆಯಿಂದ ಮಾಡಿಗೆ ಇಳಿದು, ಹೆಂಚು ಎತ್ತಿ ಒಳಗೆ ಹೋಗಿ ಬರುತ್ತಿತ್ತು. ನಾನು ಹಾಕಿದ ಬೀಗ ಅದಕ್ಕೆ ಕಂಡಿರಲಿಕ್ಕೂ ಇಲ್ಲ.

ಹೆಂಚಿನ ಗೂಡಾದರೆ ಒಳಗಿನಿಂದ ರೀಪಿನ ಕೆಳಮೈಗೆ ಪೂರ್ತಿ ಮೆಶ್ ಹೊಡೆಯಿರಿ. ಶೀಟಿನ ಮಾಡಾದರೆ ಶೀಟಿನ ಅಲೆಗೂ ಗೋಡೆಗೂ ನಡುವೆ ಉಳಿಯುವ ಅರ್ಧಚಂದ್ರ ಸಂದುಗಳನ್ನು ಸಿಮೆಂಟ್ ಅಥವಾ ಮೆಶ್‌ನಿಂದ ತುಂಬಿ. ಆರು ಅಡಿ ಒಳಗೆ ಬರುವ ಕೊಂಬೆ ಎಲ್ಲ ಕಡಿಯಿರಿ. ನಮ್ಮ ಪೇರಳೆ ಕೊಂಬೆ ಕಡಿಯುವಾಗ ಅಮ್ಮನಿಗೆ ಕೋಳಿ ಹೋದಾಗಿನಷ್ಟೇ ಬೇಜಾರಾಗಿತ್ತು.

ಹಂತ 8: ಬಾಗಿಲು ಮತ್ತು ಚಿಲಕ

ಕೊಕ್ಕೆ ಸಿಕ್ಕಿಸುವ ಚಿಲಕ ಬೇಡ. ನಾಯಿ ನಾಲ್ಕು ಸಲ ಗುದ್ದಿದರೆ ಕುಣಿದು ಬಿಚ್ಚಿಕೊಳ್ಳುತ್ತದೆ. ಮೇಲೊಂದು ಕೆಳಗೊಂದು ಟವರ್ ಬೋಲ್ಟ್ ಹಾಕಿ. ಒಂದೇ ಇದ್ದರೆ ಬಾಗಿಲ ಕೆಳಮೂಲೆ ಬಾಗಿ ಸಂದು ಬಿಡುತ್ತದೆ, ಮುಂಗುಸಿಗೆ ಅಷ್ಟು ಸಾಕು.

ಹೊಸ್ತಿಲಿಗೆ ಅಡ್ಡಪಟ್ಟಿ ಇರಲಿ, ಬಾಗಿಲಿಗೂ ಅದಕ್ಕೂ ನಡುವೆ ಅರ್ಧ ಇಂಚಿಗಿಂತ ಕಮ್ಮಿ ಸಂದು. ಮರದ ಬಾಗಿಲಾದರೆ ಕೆಳಗಿನ ಒಂದು ಅಡಿಗೆ ಜಿಂಕ್ ಶೀಟ್ ಹೊಡೆಯಿರಿ, ಹೆಗ್ಗಣ ಕಡಿಯದಿರಲಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಬಾಗಿಲು ಸರಿಯಾಗಿ ಕೂರುವುದಿಲ್ಲ, "ಇವತ್ತೊಂದಿನ ಕಲ್ಲು ಒರಗಿಸಿಡೋಣ" ಅನ್ನಿಸುತ್ತದೆ. ನನ್ನ ಅನುಭವದಲ್ಲಿ ಕೋಳಿ ಹೋಗುವುದು ಆ ಒಂದು ದಿನವೇ. ಮೇ ತಿಂಗಳಲ್ಲೇ ಬಾಗಿಲ ಅಂಚು ಸ್ವಲ್ಪ ಕೀಸಿ ಇಡಿ.

ಹಂತ 9: ಹಗಲಿನ ಕಾವಲು

ಪೂರ್ತಿ ಬಿಟ್ಟು ಮೇಯಿಸುವ ಕೋಳಿಗೆ ನೂರಕ್ಕೆ ನೂರು ರಕ್ಷಣೆ ಇಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ನಷ್ಟ ಕಮ್ಮಿ ಮಾಡಬಹುದು.

ನಸುಕಲ್ಲೇ ಬಾಗಿಲು ತೆಗೆಯಬೇಡಿ. ಒಂಬತ್ತು ಗಂಟೆ ಆಗಲಿ. ಕಾಡುಬೆಕ್ಕಿನ ಹೊತ್ತು ದಾಟುತ್ತದೆ, ಜೊತೆಗೆ ಎಷ್ಟೋ ಹೇಂಟೆಗಳು ಗೂಡಲ್ಲೇ ಮೊಟ್ಟೆ ಇಟ್ಟು ಮುಗಿಸಿರುತ್ತವೆ. ಬೇಲಿ ಸಂದಿನಲ್ಲಿ ಮೊಟ್ಟೆ ಹುಡುಕುವ ಕೆಲಸ ತಪ್ಪುತ್ತದೆ, ಉಡಕ್ಕೂ ಸಿಗುವುದಿಲ್ಲ.

ಗೂಡಿನ ಸುತ್ತ ಹತ್ತು ಅಡಿ ಪೊದೆ ಸವರಿ ಬಯಲು ಮಾಡಿ. ಮುಂಗುಸಿ ಬಯಲು ದಾಟಲು ಹಿಂಜರಿಯುತ್ತದೆ. ಆದರೆ ಕೋಳಿ ಮೇಯುವ ಜಾಗದಲ್ಲಿ ಅಲ್ಲಲ್ಲಿ ತಗ್ಗು ನೆರಳು ಬೇಕು. ದಾಸವಾಳದ ಗಿಡವೋ, ನಾಲ್ಕು ಕಾಲಿನ ಮೇಲೆ ಇಟ್ಟ ಹಳೆ ಶೀಟೋ ಆದೀತು. ಹದ್ದಿನ ನೆರಳು ಕಂಡಾಗ ನುಗ್ಗಲು ಒಂದು ಜಾಗ ಇರಬೇಕು, ಅಲ್ವಾ?

ಕೋಳಿ ಅಂಗಳಕ್ಕೆ ಮೇಲೆ ಬಲೆ ಹಾಕುವುದಾದರೆ ಬಿಗಿಯಾಗಿ ಎಳೆದು ಕಟ್ಟಿ. ಜೋಲುವ ನೈಲಾನ್ ಬಲೆಯಲ್ಲಿ ಕೋಳಿ ಕಾಲೂ ಸಿಕ್ಕಿಕೊಳ್ಳುತ್ತದೆ, ಹಾವೂ ಸಿಕ್ಕಿಕೊಳ್ಳುತ್ತದೆ. ಬಲೆಯಲ್ಲಿ ಸಿಕ್ಕಿ ಸಿಟ್ಟಾದ ನಾಗರಹಾವನ್ನು ಬಿಡಿಸುವ ಕೆಲಸ ಯಾರಿಗೂ ಬೇಡ. ನೆಲಕ್ಕೆ ತಾಗುವ ಹಾಗೆ ನೈಲಾನ್ ಬಲೆ ಇಳಿಬಿಡಬೇಡಿ.

ಹೊಳೆಯುವ ಸಿಡಿ, ಬೆದರುಬೊಂಬೆ, ಮಿಣುಕು ದೀಪ ಎಲ್ಲ ಒಂದು ವಾರದ ಆಟ. ಆಮೇಲೆ ಕಾಗೆ ಅದರ ಮೇಲೇ ಕೂರುತ್ತದೆ. ಬೆಳ್ಳುಳ್ಳಿ, ಫಿನಾಯಿಲ್, ನುಸಿಗುಳಿಗೆ ಹಾಕಿದರೆ ಹಾವು ಬರುವುದಿಲ್ಲ ಎನ್ನುವುದನ್ನೂ ನಂಬಬೇಡಿ.

ಒಳ್ಳೆ ಹುಂಜ ಒಂದಿದ್ದರೆ ಅದರ ಕೂಗಿಗೆ ಕಿವಿ ಕೊಡಿ. ಹದ್ದು ಕಂಡರೆ ತೆಳುವಾಗಿ ಉದ್ದ ಎಳೆದು ಒಂದು ಸದ್ದು ಮಾಡುತ್ತದೆ, ಹೇಂಟೆಗಳೆಲ್ಲ ಇದ್ದಲ್ಲೇ ಅಡಗುತ್ತವೆ. ನಾಯಿಯೋ ಮುಂಗುಸಿಯೋ ಕಂಡರೆ "ಕೊಕ್ ಕೊಕ್ ಕೊಕ್ ಕೋಕ್" ಅಂತ ಬಿಡದೆ ಬೊಬ್ಬೆ. ಎರಡನೆಯದು ಕೇಳಿದರೆ ಕೈಲಿದ್ದದ್ದು ಬಿಟ್ಟು ಹೊರಗೆ ಬನ್ನಿ.

ಹಂತ 10: ಮರಿಗಳಿಗೆ ಬೇರೆ ಪೆಟ್ಟಿಗೆ

ಹೂಮರಿಗಳನ್ನು ದೊಡ್ಡ ಗೂಡಲ್ಲಿ ಬಿಟ್ಟು ಎಣಿಸುತ್ತಾ ಕೂರಬೇಡಿ. 4x2 ಅಡಿ ಪೆಟ್ಟಿಗೆ, ಎಲ್ಲ ಕಡೆ ಕಾಲು ಇಂಚು ಮೆಶ್, ತಾಯಿ ಕೋಳಿಯೂ ಅದರಲ್ಲೇ. ಎರಡು ಅಡಿ ಎತ್ತರದ ಕಾಲಿನ ಮೇಲಿಡಿ, ಪ್ರತಿ ಕಾಲಿಗೂ ಪಿವಿಸಿ ಪೈಪ್ ತೊಡಿಸಿ. ನುಣ್ಣನೆ ಪೈಪ್ ಮೇಲೆ ಇಲಿಗೆ ಏರುವುದು ಕಷ್ಟ. ಪೆಟ್ಟಿಗೆ ಗೋಡೆಗೆ ತಾಗಿದ್ದರೆ ಈ ಪೈಪೆಲ್ಲ ದಂಡ.

ಕಡೇ ಪಕ್ಷ ನಾಲ್ಕು ವಾರ ಹೊರಗೆ ಬಿಡಬೇಡಿ. ಆಮೇಲೂ ಮೊದಲ ದಿನಗಳಲ್ಲಿ ಯಾರಾದರೂ ಹತ್ತಿರ ಇರುವಾಗ ಮಾತ್ರ. ತಾಯಿ ಕೋಳಿ ಎಷ್ಟು ಜಗಳಗಂಟಿಯಾದರೂ, ಎರಡು ಕಾಗೆ ಸೇರಿ ಒಂದು ಅದನ್ನು ಕೆಣಕಿ ಇನ್ನೊಂದು ಮರಿ ಎತ್ತುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಹಂತ 11: ಸಂಜೆಯ ಹತ್ತು ನಿಮಿಷ

ಕೆಲಸದ ಕ್ರಮ ಹೀಗಿರಲಿ. ಐದು ಗಂಟೆಗೆ ಮೊಟ್ಟೆ ತೆಗೆಯಿರಿ, ಮಧ್ಯಾಹ್ನ ಒಮ್ಮೆ ತೆಗೆದಿದ್ದರೂ ಸರಿ. ಕೈ ಹಾಕುವ ಮೊದಲು ಟಾರ್ಚ್ ಹಾಕಿ, ಮೊಟ್ಟೆ ಬುಟ್ಟಿಯೊಳಗೆ ಹಾವು ಸುತ್ತಿಕೊಂಡಿರುವುದು ಹೊಸದೇನಲ್ಲ. ಮಿಕ್ಕ ಕಾಳು, ಅನ್ನ ಗುಡಿಸಿ ಡಬ್ಬಿಗೆ ಹಾಕಿ ಮುಚ್ಚಿ. ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಗೆ ಕೇರೆಹಾವು, ನಾಗರಹಾವು ಬರುತ್ತವೆ. ಆಮೇಲೆ ಕೋಳಿಗಳನ್ನು ಎಣಿಸಿ, ಮೂಲೆಗೆ ಟಾರ್ಚ್ ಬಿಡಿ, ಬೋಲ್ಟ್ ಎರಡೂ ಹಾಕಿ, ಬಾಗಿಲು ಒಮ್ಮೆ ಎಳೆದು ನೋಡಿ.

ಎಣಿಸುವುದು ಬರೀ ಲೆಕ್ಕಕ್ಕಲ್ಲ. ಒಂದು ಕಮ್ಮಿ ಇದ್ದರೆ ಬೆಳಕಿರುವಾಗಲೇ ಹುಡುಕಬಹುದು. ಈ ಕೆಲಸ ಮನೆಯಲ್ಲಿ ಒಬ್ಬರ ಹೆಸರಿಗೇ ಇರಲಿ. "ನೀನು ಹಾಕಿರ್ತೀಯ ಅಂದ್ಕೊಂಡೆ" ಅನ್ನುವ ಮನೆಯ ಕೋಳಿ ಉಳಿಯುವುದು ಕಷ್ಟ.

ಎಚ್ಚರಿಕೆ ಗುರುತುಗಳು

ಕೋಳಿ ಹೋಗುವ ಮೊದಲೇ ಸುಳಿವು ಸಿಗುತ್ತದೆ. ಸಂಜೆ ಕೋಳಿಗಳು ಗೂಡೊಳಗೆ ಹೋಗದೆ ಬಾಗಿಲಲ್ಲೇ ನಿಂತು ಕೊಕ್‌ಗುಟ್ಟಿದರೆ ಒಳಗೆ ಏನೋ ಇದೆ. ಕಾವಿಗೆ ಕೂತ ಹೇಂಟೆ ರಾತ್ರಿ ಮೊಟ್ಟೆ ಬಿಟ್ಟು ಎದ್ದು ನಿಂತಿದ್ದರೆ ಹಾವು ಹುಡುಕಿ. ಗೋಡೆ ಬುಡದಲ್ಲಿ ಹೊಸ ಕೆರೆತ, ಮೆಶ್ ಒಂದು ಕಡೆ ಒಳಕ್ಕೆ ಬಾಗಿರುವುದು, ಸರಿದ ಹೆಂಚು, ಇದ್ದಕ್ಕಿದ್ದ ಹಾಗೆ ಮೊಟ್ಟೆ ಕಮ್ಮಿಯಾಗುವುದು, ಇವು ಯಾವುದನ್ನೂ "ನಾಳೆ ನೋಡೋಣ" ಅನ್ನಬೇಡಿ.

ಇದನ್ನಂತೂ ಮಾಡಬೇಡಿ

ವಿಷ ಬೆರೆಸಿದ ಮಾಂಸ ಇಡುವುದು, ಉರುಳು ಹಾಕುವುದು, ಬೇಲಿಗೆ ನೇರ ಕರೆಂಟ್ ಕೊಡುವುದು. ತೋಟಕ್ಕೆ ತಂದ ಫ್ಯುರಡಾನ್ ಕೀಟನಾಶಕವನ್ನು ಕೋಳಿ ಕಳ್ಳನಿಗೆ ಇಟ್ಟು ಸ್ವಂತ ನಾಯಿ ಕಳೆದುಕೊಂಡವರು ನಮ್ಮ ಸುತ್ತಮುತ್ತಲೇ ಇದ್ದಾರೆ. ಬೇಲಿ ಕರೆಂಟಿಗೆ ಮನುಷ್ಯರೇ ಸಾಯುತ್ತಾರೆ. ಕಬ್ಬೆಕ್ಕು, ಕಾಡುಬೆಕ್ಕು, ಮುಂಗುಸಿ, ನರಿ, ಉಡ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕೊಂದರೆ ಕೇಸು.

ಗೂಡಲ್ಲಿ ಹಾವು ಕಂಡರೆ ದೂರ ನಿಂತು ಕಣ್ಣಿಟ್ಟಿರಿ, ಊರಿನ ಹಾವು ಹಿಡಿಯುವವರನ್ನೋ ಅರಣ್ಯ ಇಲಾಖೆಯ ಸಹಾಯವಾಣಿ 1926ನ್ನೋ ಕರೆಯಿರಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ. ನಾಯಿಯೋ ಮುಂಗುಸಿಯೋ ಕಚ್ಚಿದರೆ, ಪರಚಿದರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್ ಶುರು ಮಾಡಿಸಿ. ಚಿರತೆ ಹೆಜ್ಜೆ ಕಂಡರೆ ಗೂಡು ಕಾಯಲು ಹೊರಗೆ ಮಲಗಬೇಡಿ, ಇಲಾಖೆಗೆ ತಿಳಿಸಿ.

ವರ್ಷಕ್ಕೆರಡು ಸಲ ಮರುತಪಾಸಣೆ

ಒಮ್ಮೆ ಮಳೆಗೆ ಮುಂಚೆ, ಒಮ್ಮೆ ಮಳೆ ನಿಂತ ಮೇಲೆ. ಮಳೆಯಲ್ಲಿ ಸೆರಗಿನ ಮೇಲಿನ ಮಣ್ಣು ಕೊಚ್ಚಿ ಹೋಗಿರುತ್ತದೆ, ಮರದ ಕಂಬದ ಬುಡಕ್ಕೆ ಗೆದ್ದಲು ಹತ್ತಿರುತ್ತದೆ. ಮೆಶ್ ಅನ್ನು ಕೈಯಲ್ಲಿ ಹಿಡಿದು ಜೋರಾಗಿ ಎಳೆಯಿರಿ. ತುಕ್ಕು ಹಿಡಿದ ಬೆಸುಗೆ ಪಟಪಟ ಬಿಡುತ್ತದೆ, ಆ ತುಂಡು ಬದಲಿಸಿ. ರಾತ್ರಿ ಮತ್ತೆ ಬಲ್ಬ್ ಇಟ್ಟು ಒಂದು ಸುತ್ತು ನಡೆಯಿರಿ.

ಕಳೆದ ಸಲ ನಮ್ಮ ಗೂಡಲ್ಲಿ ಒಂದೇ ಕಡೆ ಬೆಳಕು ಸೋರಿತು, ಬಾಗಿಲ ಕೀಲಿನ ಪಕ್ಕ. ಕಾಂಪೌಂಡಿನ ಮೇಲೆ ಕಾಫಿ ಬೀಜದ ಹಿಕ್ಕೆ ಈಗಲೂ ವಾರಕ್ಕೊಮ್ಮೆ ಬಿದ್ದಿರುತ್ತದೆ. ಹೆಂಚು ಮಾತ್ರ ಸರಿದಿಲ್ಲ.